ಆಗಸ್ಟಿನಲ್ಲಿ ಮಳೆ ಕೇಳಿದವರು

ನಾನು ಅಮೆರಿಕಕ್ಕೆ ಬಂದಿಳಿದದ್ದು ಒಂದು ಆಗಸ್ಟ್ ತಿಂಗಳಲ್ಲಿ. ವಿಮಾನ ನಿಲ್ದಾಣದಿಂದ ಕ್ಯಾಲಿಫೋರ್ನಿಯಾದ ನೆವಾರ್ಕಿನ ಅಪಾರ್ಟ್‌ಮೆಂಟಿಗೆ ಹೋಗುವ ಫ್ರೀವೇಯಲ್ಲಿ ನಿದ್ದೆಗಣ್ಣು ಬಿಟ್ಟು ನೋಡಿದರೆ, ಪೂರ್ವ ದಿಕ್ಕಿನ ಗುಡ್ಡಗಳೆಲ್ಲ ಒಣಗಿದ ಜೋಳದ ಕಣಿಕೆಯ ಬಣ್ಣದಲ್ಲಿ ಮಲಗಿದ್ದವು. ಹುಡುಕಿದರೂ ಹಸಿರಿಲ್ಲ. ಮೇಲೆ ಆಕಾಶ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ ಖಾಲಿ. ಇಷ್ಟು ದೊಡ್ಡ ಬರ ಬಿದ್ದ ನಾಡಿಗೆ ಸಂಸಾರ ಹೂಡಲು ಕರೆತಂದಿದ್ದಾನಲ್ಲ ಈ ಮನುಷ್ಯ ಎಂದು ಕಾರು ಓಡಿಸುತ್ತಿದ್ದ ಗಂಡನ ಮುಖ ನೋಡಿದೆ. ಮಹಾಂತೇಶ ಏನೋ ಗುನುಗುತ್ತಿದ್ದರು.

"ಇಲ್ಲೆ ಮಳಿ ಆಗಿ ಎಷ್ಟ ವರ್ಷ ಆತು?" ಎಂದು ಕೇಳಿದೆ.

"ಈಗೆಲ್ಲಿ ಮಳಿ? ಮಳಿ ಬರೂದು ದೀಪಾವಳಿ ಹೊತ್ತಿಗೆ," ಎಂದರು. "ಬ್ಯಾಸಿಗ್ಯಾಗ ಯಾರರ ಮಳಿ ಕೇಳ್ತಾರೇನು?"

ಗದಗ ಜಿಲ್ಲೆಯ ರೋಣದ ಕಡೆಯ ಮನೆಯಲ್ಲಿ ಹುಟ್ಟಿ ಬೆಳೆದವನ ಬಾಯಲ್ಲಿ ಈ ಮಾತು ಬಂದದ್ದು ನನಗೆ ಗುಡ್ಡಗಳಿಗಿಂತ ಹೆಚ್ಚು ವಿಚಿತ್ರವಾಗಿ ಕಂಡಿತು. ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಕೇಳುವುದೇ "ಮಳಿ ಬೆಳಿ ಹೆಂಗ ಐತ್ರಿ?" ಎಂದು. ಇಲ್ಲಿಯೂ ಎದುರಾದವರು ಹವೆಯ ಮಾತನ್ನೇ ಆಡುತ್ತಾರೆ, ಆದರೆ ಅದರ ಬುಡಮೇಲು. ಮೋಡವಿಲ್ಲದ ದಿನ ಕಂಡರೆ "ಎಂಥ ಚೆಂದದ ದಿನ" ಎನ್ನುತ್ತಾರೆ. ಮೋಡ ಕವಿದರೆ ಪಾಪ ಎನ್ನುವ ಮುಖ ಮಾಡುತ್ತಾರೆ. ಒಣಗಿದ ಗುಡ್ಡಗಳನ್ನು ಬಂಗಾರದ ಗುಡ್ಡಗಳು ಎಂದು ಕರೆದು ಫೋಟೋ ತೆಗೆದುಕೊಳ್ಳುತ್ತಾರೆ. ನಾನು ಬುದ್ಧಿಯಿಂದ ಇದನ್ನು ಬೇಗ ಕಲಿತೆ. ಮೈಯಿಂದ ಕಲಿಯಲಿಲ್ಲ. ಜೂನ್ ಬಂದರೆ ಇವತ್ತಿಗೂ ನನ್ನ ಕಣ್ಣು ತಾನಾಗಿ ಪಶ್ಚಿಮದ ಕಡೆ ಹೋಗಿ, ಏನೂ ಸಿಗದೆ ಹಿಂದಿರುಗುತ್ತದೆ.

ನೆವಾರ್ಕಿನ ಆ ಅಪಾರ್ಟ್‌ಮೆಂಟು ಮರದ ಹಲಗೆಯ ಮನೆ. ಮೊದಲ ವಾರವೇ ನಾನು ಜೋಳದ ರೊಟ್ಟಿ ತಟ್ಟಲು ಕೂತಾಗ ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. ಮೇಲೆ ಯಾರೋ ಯಾರನ್ನೋ ಹೊಡೆಯುತ್ತಿದ್ದಾರೆ ಎಂದುಕೊಂಡಿದ್ದರಂತೆ. ನಾನು ಹಿಟ್ಟು ಮೆತ್ತಿದ ಎರಡೂ ಕೈ ಎತ್ತಿ ತೋರಿಸಿದೆ. ಆಮೇಲೆ ಅವರು ಆಫೀಸಿಗೆ ಹೋದ ಹೊತ್ತು ನೋಡಿ ರೊಟ್ಟಿ ತಟ್ಟುವುದನ್ನು ಕಲಿತೆ. ನನ್ನ ಸದ್ದು ಕೇಳುವವರು ಯಾರೂ ಇಲ್ಲದ ಮಧ್ಯಾಹ್ನಗಳು ಅವು. ಕಿಟಕಿಯಾಚೆ ಗಾಳಿಗೆ ತಾಳೆ ಮರ ಓಲಾಡುತ್ತಿತ್ತು, ರೊಟ್ಟಿ ಉಬ್ಬುತ್ತಿತ್ತು, ಕಾರಣವಿಲ್ಲದೆ ಕಣ್ಣು ತುಂಬುತ್ತಿತ್ತು.

ಆಮೇಲೆ ಮಗಳು ಸಿರಿ ಹುಟ್ಟಿದಳು. ಸ್ಯಾನ್ ಹೊಸೆಯ ಎವರ್‌ಗ್ರೀನ್ ಎಂಬಲ್ಲಿ, ಅದೇ ಒಣ ಗುಡ್ಡಗಳ ಬುಡದಲ್ಲಿ, ನಮ್ಮದೂ ಎನ್ನುವ ಮನೆಯಾಯಿತು. ನಮ್ಮ ಬೀದಿಯ ಹೆಸರಿನಲ್ಲಿ ಕೋರ್ಟು ಎಂದಿದೆ. ಮುಂದೆ ದಾರಿಯಿಲ್ಲದೆ ದುಂಡಗೆ ಮುಗಿಯುವ ಪುಟ್ಟ ಬೀದಿಗೆ ಇಲ್ಲಿ ಹಾಗೆನ್ನುತ್ತಾರೆ. ಆ ದುಂಡು ಬೀದಿಯ ಕೊನೆಯ ಮನೆಯಲ್ಲಿ ನಾನು ಸಣ್ಣ ಡೇಕೇರು ನಡೆಸತೊಡಗಿದೆ. ಚೀನಾದವರ, ವಿಯೆಟ್ನಾಮಿನವರ ಕೂಸುಗಳು "ಬಾ", "ಕೂಡು", "ಸಾಕು" ಎಂದು ಕನ್ನಡದಲ್ಲಿ ಉಲಿಯುತ್ತಿದ್ದವು. ನನ್ನ ಮಗಳು ಮಾತ್ರ ಎಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ಈ ಬೀದಿಯಲ್ಲಿ ನನಗೆ ಸಿಕ್ಕ ಗೆಳತಿ ಎದುರುಮನೆಯ ರೋಸಾ. ಮೆಕ್ಸಿಕೋ ಮೂಲದ ಮನೆತನದವಳು, ಅರವತ್ತು ದಾಟಿದವಳು. ಅವಳು ಹುಟ್ಟಿದ್ದು ಇಲ್ಲಿಯೇ ಮೇಲೆ, ಗುಡ್ಡದ ನಡುವಿನ ದನಕರುಗಳ ಮನೆಯಲ್ಲಿ. ಆ ಮನೆಯಲ್ಲಿ ಈಗ ಅವಳ ತಮ್ಮನಿದ್ದ. ಸಿರಿಯನ್ನು ಒಂದೆರಡು ಸಲ ಅಲ್ಲಿಗೆ ಕರೆದೊಯ್ದು ಕುದುರೆಗೆ ಗಜ್ಜರಿ ತಿನ್ನಿಸಿದ್ದಳು.

ಸಾಂಕ್ರಾಮಿಕ ಬಂದ ವರ್ಷ ನನ್ನ ಅತ್ತೆ ನಮ್ಮಲ್ಲಿದ್ದರು. ಊರಲ್ಲಿ ದೊಡ್ಡ ಮಗನ ತುಂಬಿದ ಮನೆಯಲ್ಲಿರುವವರು, ಮೊಮ್ಮಗಳನ್ನು ನೋಡಿ ಯುಗಾದಿಗೆ ವಾಪಸು ಹೋಗುತ್ತೇನೆ ಎಂದು ಚಳಿಗಾಲದಲ್ಲಿ ಬಂದಿದ್ದರು. ವಿಮಾನಗಳೇ ನಿಂತುಹೋದವು. ಡೇಕೇರು ಮುಚ್ಚಿತು, ಸಿರಿಯ ಶಾಲೆ ಕಂಪ್ಯೂಟರಿನೊಳಗೆ ಸೇರಿತು, ಮಹಾಂತೇಶ ಮೇಲಿನ ಕೋಣೆಯಿಂದ ಮೀಟಿಂಗು ಮಾಡತೊಡಗಿದರು. ಅತ್ತೆ ಹಿತ್ತಲಿನ ಕುರ್ಚಿಯಲ್ಲಿ ಕೂತು ಗುಡ್ಡ ನೋಡುತ್ತಿದ್ದರು. ಏಪ್ರಿಲಿನಲ್ಲಿ ಹಸಿರಾಗಿದ್ದ ಗುಡ್ಡ ಅವರ ಕಣ್ಣೆದುರೇ ಹಳದಿಯಾಯಿತು, ಜೂನಿನಲ್ಲಿ ಕಂದಾಯಿತು.

"ಏನ ಬರಾನವಾ ಇದು," ಎಂದರು ಒಂದು ದಿನ. "ಮುಗಲಾಗ ಒಂದ ಮಾಡ ಇಲ್ಲ. ಮಂದಿ ನೋಡಿದ್ರ ನಾಯಿ ಹಿಡಕೊಂಡು ನಕ್ಕೋತ ಅಡ್ಡಾಡ್ತಾರ."

"ಇಲ್ಲೆ ಬ್ಯಾಸಿಗಿ ಹಿಂಗ ಇರತೈತ್ರಿ ಅತ್ತಿ. ಇದು ಬರ ಅಲ್ರಿ."

"ನೀ ಸುಮ್ನಿರು. ಒಣಗಿದ್ದು ನನಗ ಕಾಣ್ತೈತಿ."

ಜುಲೈ ಬಂದಾಗ ಅವರಿಗೆ ಸುಮ್ಮನೆ ಕೂರಲಾಗಲಿಲ್ಲ. ಗುರ್ಜಿ ಮಾಡೋಣ ಎಂದರು. ಬಯಲುಸೀಮೆಯವರಲ್ಲದ ಓದುಗರಿಗೆ ಹೇಳಬೇಕು: ಮುಂಗಾರು ಕೈಕೊಟ್ಟರೆ ನಮ್ಮ ಕಡೆ ಮಕ್ಕಳು ರೊಟ್ಟಿ ಹಂಚಿನ ಮೇಲೆ ಸಗಣಿ ಮಣ್ಣಿನ ಗೊಂಬೆ ಕೂರಿಸಿ, ಗರಿಕೆ ಚುಚ್ಚಿ, ಅದನ್ನು ತಲೆ ಮೇಲೆ ಹೊತ್ತು ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಮನೆಯವರು ಹೊತ್ತವರ ತಲೆಯ ಮೇಲೆ ಕೊಡ ನೀರು ಸುರಿದು ಹಿಟ್ಟು ಧಾನ್ಯ ಕೊಡುತ್ತಾರೆ. ನೀರಿನಲ್ಲಿ ತೊಯ್ದು ತಿರುಗುವ ಕೂಸನ್ನು ಕಂಡು ಮಳೆರಾಯನಿಗೆ ಕರುಣೆ ಬರುತ್ತದೆ ಎಂದು ನಂಬಿಕೆ.

ನಾನು ಬೇಡ ಎನ್ನಲಿಲ್ಲ. ಎಷ್ಟೋ ವಾರಗಳಿಂದ ಸಿರಿ ಪರದೆ ಬಿಟ್ಟು ಬೇರೇನೂ ನೋಡಿರಲಿಲ್ಲ, ನೀರಾಟವಾದರೂ ಆಗಲಿ ಎಂದುಕೊಂಡೆ. ಸಗಣಿ ಎಲ್ಲಿಂದ ತರುವುದು? ಮಹಾಂತೇಶ ತೋಟದ ಸಾಮಾನಿನ ಅಂಗಡಿಯಿಂದ ಗೊಬ್ಬರದ ಚೀಲ ತಂದರು. ಅತ್ತೆ ಒಂದು ಹಿಡಿ ತೆಗೆದು ಮೂಗಿಗೆ ಹಿಡಿದು, "ಇದಕ್ಕ ವಾಸನೀನ ಇಲ್ಲಲ್ಲೋ. ಇಲ್ಲಿ ಆಕಳ ಏನ ತಿಂತಾವು?" ಎಂದು ಕೇಳಿದರು. ಆದರೂ ಗೊಂಬೆ ಚೆನ್ನಾಗಿಯೇ ಬಂತು. ಲಾನಿನ ಹುಲ್ಲೇ ಗರಿಕೆಯಾಯಿತು. ಸೂಟ್‌ಕೇಸಿನಲ್ಲಿ ಊರಿಂದ ಬಂದಿದ್ದ ಹಂಚು ಸಿರಿಯ ತಲೆಗೇರಿತು. ಅತ್ತೆ ಕಲಿಸಿದ ಹಾಡನ್ನು ಅವಳು ಅರ್ಧಮರ್ಧ ನುಡಿಯುತ್ತ ಬೀದಿಯ ದುಂಡನ್ನು ಸುತ್ತಿದಳು. ಮುಟ್ಟಬಾರದ ಕಾಲವಾದ್ದರಿಂದ ಹಾಸನದ ಕಡೆಯ ಒಂದು ಮನೆಯವರು ದೂರದಿಂದಲೇ ಪೈಪಿನಲ್ಲಿ ನೀರು ಹಾರಿಸಿದರು. ರೋಸಾ ಮಾತ್ರ ಮಾಸ್ಕು ಹಾಕಿಕೊಂಡು ಬಕೆಟ್ಟು ಹಿಡಿದು ಬಂದಳು.

"ಇದು ಯಾವುದಕ್ಕೆ?" ಎಂದು ಕೇಳಿದಳು.

"ಮಳೆಗೆ."

"ಈ ಕಾಲದಲ್ಲಿ?" ಎಂದು ನಕ್ಕು, ಇಡೀ ಬಕೆಟ್ಟನ್ನು ಮಗುವಿನ ತಲೆ ಮೇಲೆ ಸುರಿದಳು. ಸಿರಿ ಕಿರುಚಿ ಕುಣಿದಳು. ಆ ಬಿಸಿಲಿನಲ್ಲಿ ಅವಳ ಸುತ್ತ ಹಾರಿದ ಹನಿಗಳು ನನಗೆ ಈಗಲೂ ಕನಸಿನಲ್ಲಿ ಕಾಣುತ್ತವೆ.

ಆಗಸ್ಟಿನ ನಡುವೆ ಸೆಕೆ ಶುರುವಾಯಿತು. ಇಲ್ಲಿಯ ಒಣ ಬಿಸಿಲಿನ ತರಹದ್ದಲ್ಲ, ಮೈಗೆ ಅಂಟುವ, ನಮ್ಮೂರಿನಲ್ಲಿ ಮಳೆಗೆ ಮುಂಚೆ ಬರುವ ಸೆಕೆ. ಒಂದು ಭಾನುವಾರ ನಸುಕಿನಲ್ಲಿ ಗುಡುಗು ಕೇಳಿ ಎಚ್ಚರವಾಯಿತು. ನಿದ್ದೆಯ ಅರೆಗಣ್ಣಿನಲ್ಲಿ ನಾನು ತವರಿನಲ್ಲಿದ್ದೆ, ಅಂಗಳದಲ್ಲಿ ಯಾರೋ ಹಾಸಿಗೆ ಸುತ್ತಿ ಒಳಗೆ ತರುತ್ತಿದ್ದರು. ಎರಡನೆಯ ಗುಡುಗಿಗೆ ಕಿಟಕಿಯ ಗಾಜು ನಡುಗಿದಾಗ ಎದ್ದು ಕೂತೆ. ಇಷ್ಟು ವರ್ಷಗಳಲ್ಲಿ ಇಂಥ ಸದ್ದನ್ನು ಈ ಮನೆಯಲ್ಲಿ ಕೇಳಿಯೇ ಇರಲಿಲ್ಲ. ಕರಾವಳಿಯ ಈ ಭಾಗದಲ್ಲಿ ಗುಡುಗು ಬಲು ಅಪರೂಪ.

ಹಿತ್ತಲಲ್ಲಿ ಅತ್ತೆ ಬರಿಗಾಲಲ್ಲಿ ನಿಂತಿದ್ದರು. ಮನೆಯ ಪಾತ್ರೆಗಳೆಲ್ಲ ಸೂರಿನ ಕೆಳಗೆ ಸಾಲಾಗಿ ಕೂತಿದ್ದವು. ಬೂದು ಬಣ್ಣದ ಬೆಳಗು, ಗುಡ್ಡದ ಬೆನ್ನಿನ ಮೇಲೆ ಒಂದರ ಹಿಂದೊಂದು ಮಿಂಚು ಸದ್ದಿಲ್ಲದೆ ಇಳಿಯುತ್ತಿತ್ತು, ಸದ್ದು ಆಮೇಲೆ ತೇಲಿಕೊಂಡು ಬರುತ್ತಿತ್ತು. ಸಿರಿ ಅಜ್ಜಿಯ ಸೆರಗು ಹಿಡಿದು ಕುಣಿಯುತ್ತಿದ್ದಳು. "ವಿ ಡಿಡ್ ಇಟ್, ಅಜ್ಜಿ," ಎನ್ನುತ್ತಿದ್ದಳು. ಅತ್ತೆಯ ಕಣ್ಣಲ್ಲಿ ನೀರಿತ್ತು.

"ನಮ್ಮವ್ವ ಕರದದ್ದು ಕೇಳಿತು ನೋಡು," ಎಂದರು ಮೊಮ್ಮಗಳ ಕೆನ್ನೆ ಹಿಡಿದು.

ಬೆರಳೆಣಿಕೆಯ ಹನಿಗಳು ಬಿದ್ದವು. ಪಾತ್ರೆಗಳ ತಳವೂ ಒದ್ದೆಯಾಗಲಿಲ್ಲ. ನಾನು ಒಳಗೆ ಹೋಗಿ ಮಿರ್ಚಿ ಭಜಿಗೆ ಹಿಟ್ಟು ಕಲಸಿದೆ, ಗುಡುಗಿಗೆ ನಮ್ಮ ಮನೆತನದ ಮರ್ಯಾದೆ ಅದು. ಒಂದು ತಟ್ಟೆ ರೋಸಾಳಿಗೆ ಕೊಡೋಣವೆಂದು ಮುಂದಿನ ಬಾಗಿಲು ತೆರೆದರೆ, ಅವಳು ರಾತ್ರಿಯ ಉಡುಪಿನಲ್ಲೇ ಬೀದಿಯ ನಡುವೆ ನಿಂತು ಗುಡ್ಡ ನೋಡುತ್ತಿದ್ದಳು. ಕೈಯಲ್ಲಿ ಫೋನಿತ್ತು. ನನ್ನ ತಟ್ಟೆ ನೋಡಿದಳು, ನನ್ನ ನಗುಮುಖ ನೋಡಿದಳು.

"ಒಣ ಮಿಂಚು," ಎಂದಳು. "ಮಳೆ ನೆಲಕ್ಕೆ ಮುಟ್ಟುತ್ತಿಲ್ಲ."

ಅರ್ಥವಾಗಲು ಮಧ್ಯಾಹ್ನದವರೆಗೆ ಸಮಯ ಬೇಕಾಯಿತು. ಗುಡ್ಡದ ಹಿಂದೆ ಬಿಳಿಯ ಮೋಡವೊಂದು ಎದ್ದಿತು. ಅತ್ತೆ ಅದನ್ನೂ ಕೈಮುಗಿದು ಸ್ವಾಗತಿಸಿದರು. ಅದು ಮಿಂಚಿಗೆ ಹೊತ್ತಿಕೊಂಡ ಒಣಹುಲ್ಲಿನ ಹೊಗೆ ಎಂದು ನಾನೇ ಹೇಳಬೇಕಾಯಿತು. ಮೊದಲು ಕೇಳದವರ ಹಾಗೆ ಕೂತರು, ಆಮೇಲೆ ಎದ್ದು ಹೋಗಿ ಪಾತ್ರೆಗಳನ್ನು ಒಂದೊಂದಾಗಿ ಒಳಗೆ ತಂದಿಟ್ಟರು.

ಆ ದಿನಗಳಲ್ಲಿ ಸೂರ್ಯ ಕೆಂಪು ಬಿಲ್ಲೆಯಾಗಿದ್ದ, ಬರಿಗಣ್ಣಿನಿಂದ ನೋಡಬಹುದಿತ್ತು. ಗಾಳಿಯಲ್ಲಿ ಬೂದಿ ಅವಸರವಿಲ್ಲದೆ ಇಳಿಯುತ್ತಿತ್ತು. ನಮ್ಮ ಮೇಲಿನ ಬೀದಿಗಳವರಿಗೆ ಹೊರಡಲು ಸಿದ್ಧವಾಗಿರಿ ಎಂದು ಫೋನುಗಳು ಕೂಗಿಕೊಂಡಾಗ ನಾವೂ ಚೀಲ ಕಟ್ಟಿದೆವು. ಪಾಸ್‌ಪೋರ್ಟು, ಸಿರಿಯ ಜನನ ಪತ್ರ, ಎರಡು ಬಂಗಾರದ ಬಳೆ. ಅತ್ತೆಗೆ ಏನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡು, "ನಂದು ನನ್ನ ಕೊಳ್ಳಾಗ ಐತಿ. ಉಳದದ್ದು ನಿಮ್ಮದು," ಎಂದರು. ಮನೆ ಬಿಟ್ಟು ಬರುವುದನ್ನು ಒಮ್ಮೆ ಮಾಡಿದ್ದೇನೆ, ಎರಡನೆಯ ಸಲ ಸುಲಭವಿರುತ್ತದೆ ಎಂದು ನಾನು ತಿಳಿದಿದ್ದೆ. ಸುಲಭವಿರಲಿಲ್ಲ. ಅಡುಗೆಮನೆಯ ಗೋಡೆಯನ್ನು ಸುಮ್ಮನೆ ಸವರುತ್ತ ನಿಂತೆ.

ಬೆಂಕಿ ನಮ್ಮ ಬೀದಿಗೆ ಬರಲಿಲ್ಲ. ಮೇಲೆ ರೋಸಾಳ ತಮ್ಮ ಕುದುರೆಗಳನ್ನು ಗಾಡಿಗೆ ಹತ್ತಿಸಿ ಕೆಳಗೆ ತಂದ. ಮನೆ ಉಳಿಯಲಿಲ್ಲ, ಹುಲ್ಲಿನ ಕೊಟ್ಟಿಗೆಯೂ ಉಳಿಯಲಿಲ್ಲ. ರೋಸಾ ಹುಟ್ಟಿದ ಕೋಣೆ ಅದರಲ್ಲಿತ್ತು.

ಈ ಸುದ್ದಿಯನ್ನು ನಾವು ಊಟದ ಮೇಜಿನಲ್ಲಿ ಮಾತಾಡಿದೆವು. ಸಿರಿ ಕೇಳಿಸಿಕೊಂಡಳು ಎಂಬ ಕಡೆ ನಮ್ಮ ಗಮನವಿರಲಿಲ್ಲ. ಅಂದಿನಿಂದ ಅವಳು ಹಿತ್ತಲಿಗೆ ಹೋಗಲಿಲ್ಲ. ಅಜ್ಜಿಯ ಹತ್ತಿರ ಜಡೆ ಹಾಕಿಸಿಕೊಳ್ಳಲಿಲ್ಲ. ಹೊಗೆಯಿಂದ ತಲೆನೋವು ಎಂದಳು, ನಾನು ನಂಬಿದೆ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಸೂರ್ಯನೇ ಬರಲಿಲ್ಲ. ಈ ನಾಡಿನವರು ಈಗಲೂ ಕಿತ್ತಳೆ ದಿನ ಎಂದು ನೆನೆಯುವ ದಿನ. ಉತ್ತರದ ಬೇರೆ ಬೇರೆ ಕಾಡುಗಳ ಹೊಗೆ ಎತ್ತರದಲ್ಲಿ ಕವಿದು, ಅದರಡಿಯಲ್ಲಿ ಸಮುದ್ರದ ಮಂಜು ತುಂಬಿ, ಇಡೀ ಊರು ಕುಂಕುಮ ಕದಡಿದ ನೀರಿನಲ್ಲಿ ಮುಳುಗಿದಂತಿತ್ತು. ಎಷ್ಟು ಹೊತ್ತಾದರೂ ಬೀದಿ ದೀಪಗಳು ಆರಲಿಲ್ಲ. ಹಕ್ಕಿಗಳು ಏಳಲಿಲ್ಲ. ಹೊಗೆಯ ವಾಸನೆಯೂ ಇರಲಿಲ್ಲ. ಕನಸಿನಲ್ಲಿ ಹೀಗೇ ಆಗುತ್ತದೆ, ಎಲ್ಲ ಇರಬೇಕಾದಲ್ಲೇ ಇರುತ್ತದೆ, ಬಣ್ಣ ಮಾತ್ರ ತಪ್ಪಿರುತ್ತದೆ. ಅತ್ತೆ ಒಲೆ ಹಚ್ಚಲು ಬಿಡಲಿಲ್ಲ. ಪಂಚಾಂಗದಲ್ಲಿ ಇಲ್ಲದ ಗ್ರಹಣ ಎಂದು ಸ್ನಾನ ಮಾಡಿ ಕೂತರು.

ಸಿರಿಯ ಆನ್‌ಲೈನ್ ಕ್ಲಾಸು ಮಾತ್ರ ನಡೆಯಿತು. ಪರದೆಯ ಚೌಕಗಳಲ್ಲಿ ಮಕ್ಕಳು ದೀಪ ಹಚ್ಚಿಕೊಂಡು ಕೂತಿದ್ದರು. ಅಮೆರಿಕದ ಚರಿತ್ರೆಯ ದೊಡ್ಡ ಹವಾಮಾನ ಘಟನೆಗಳಲ್ಲಿ ಒಂದನ್ನು ಆರಿಸಿಕೊಂಡು ಮಾತಾಡಬೇಕೆಂದು ಟೀಚರು ಮೊದಲೇ ಹೇಳಿದ್ದರಂತೆ, ಮಕ್ಕಳ ಗಮನ ಕಿಟಕಿಯಿಂದ ಸರಿಯಲಿ ಎಂದು ಅಂದೇ ಶುರುಮಾಡಿಸಿದರು. ಒಬ್ಬ ಹುಡುಗ ಸಮುದ್ರ ನುಗ್ಗಿ ಗ್ಯಾಲ್ವೆಸ್ಟನ್ ಊರನ್ನೇ ಬಳಿದುಕೊಂಡು ಹೋದ ಚಂಡಮಾರುತದ ಕಥೆ ಹೇಳಿದ. ಒಬ್ಬಳು ನ್ಯೂಯಾರ್ಕಿನ ಹಿಮದ ಬಿರುಗಾಳಿ ಹೇಳಿದಳು. ಇನ್ನೊಬ್ಬಳು ಉತ್ತು ಬಿಟ್ಟ ನೆಲವೆಲ್ಲ ಧೂಳಾಗಿ ಎದ್ದು, ಜನ ಕಾರಿನ ಮೇಲೆ ಹಾಸಿಗೆ ಕಟ್ಟಿಕೊಂಡು ಈ ಕ್ಯಾಲಿಫೋರ್ನಿಯಾಕ್ಕೆ ಬಂದ ಕಾಲವನ್ನು ಹೇಳಿದಳು. ನಾನು ಅಡುಗೆಮನೆಯಲ್ಲಿ ನಿಂತು, ನಮ್ಮಂಥವರೂ ಇದ್ದರಲ್ಲ ಎಂದು ಕೇಳುತ್ತಿದ್ದೆ. ಪ್ರತಿಯೊಬ್ಬರ ಬಳಿ ಟೀಚರು ಕೊನೆಗೆ "ಕಾರಣ ಏನು?" ಎಂದು ಕೇಳುತ್ತಿದ್ದರು.

ಸಿರಿಯ ಸರದಿ ಬಂತು. "ಮೈನ್ ಈಸ್ ದಿ ಲೈಟ್ನಿಂಗ್," ಎಂದಳು. "ಈ ಆಗಸ್ಟಿನದು."

"ಕಾರಣ?"

"ನಾನು ಮತ್ತು ನನ್ನ ಅಜ್ಜಿ," ಎಂದಳು ಇಂಗ್ಲಿಷಿನಲ್ಲಿ. "ನಾವು ಕೇಳಿದ್ದು ಮಳೆ. ಅದರ ಬದಲು ಅದು ಬಂತು. ರೋಸಾಳ ಮನೆ ಸುಟ್ಟುಹೋಯಿತು."

ಯಾರೋ ಒಬ್ಬ ನಕ್ಕ. ಟೀಚರು ಮೃದುವಾಗಿ ಏನೋ ಹೇಳುತ್ತಿದ್ದಂತೆಯೇ ಸಿರಿ ಪರದೆ ಮುಚ್ಚಿದಳು. ನಾನು ಓಡಿ ಹೋಗಿ ಅವಳ ಪಕ್ಕದಲ್ಲಿ ಕೂತೆ. ಮೆಕ್ಸಿಕೋದ ಪಕ್ಕದ ಕಡಲಲ್ಲಿ ಎದ್ದ ಒಂದು ಬಿರುಗಾಳಿ ಸಾಯುತ್ತ ಸಾಯುತ್ತ ತನ್ನ ತೇವವನ್ನು ಉತ್ತರಕ್ಕೆ ಕಳಿಸಿತು, ಮಿಂಚು ಅದರದು, ನಿನ್ನದಲ್ಲ ಎಂದು ಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಹೌದು. ಬಟ್ ವೈ ಡಿಡ್ ಇಟ್ ಕಮ್ ಹಿಯರ್?" ಎಂದಳು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಇಂಗ್ಲಿಷು ಬರದಿದ್ದರೂ ಅಜ್ಜಿ ಎಂಬ ಮಾತೂ ರೋಸಾ ಎಂಬ ಹೆಸರೂ ಅವರಿಗೆ ಕೇಳಿಸಿದ್ದವು. ಏನೆಂದಳು ಎಂದು ನನ್ನನ್ನು ಕೇಳಿದರು. ನನಗೆ ಸಿಟ್ಟು ಬಂದಿತ್ತು, ಮುಚ್ಚಿಡದೆ ಎಲ್ಲ ಹೇಳಿಬಿಟ್ಟೆ. ಅವರ ಮುಖ ಆ ಕಿತ್ತಳೆ ಬೆಳಕಿನಲ್ಲಿ ಮಣ್ಣಿನದರ ಹಾಗೆ ಕಂಡಿತು. ಆಮೇಲೆ ನನಗೆ ತಿಳಿಯಿತು, ಆ ಹೊತ್ತಿನವರೆಗೆ ಅವರೂ ಅದನ್ನೇ ನುಂಗಿಕೊಂಡು ಕೂತಿದ್ದರು. ಒಂದೇ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಬೇರೆ ಬೇರೆ ಕೋಣೆಗಳಲ್ಲಿ ಒಂದೇ ತಪ್ಪನ್ನು ಹೊತ್ತುಕೊಂಡಿದ್ದರು.

"ಏಳ, ಕೂಸ," ಎಂದರು ಸಿರಿಗೆ. "ರೋಜವ್ವನ ಮನಿಗೆ ಹೋಗೂಣು. ನಾ ಹೇಳ್ತೇನಿ, ನೀ ಅಕಿಗೆ ಇಂಗ್ಲಿಷಿನ್ಯಾಗ ಹೇಳು. ನಿಮ್ಮವ್ವ ಬ್ಯಾಡ. ಅಕಿ ಬಣ್ಣ ಹಚ್ಚಿ ಹೇಳ್ತಾಳ."

ಆದರೂ ನಾನು ಹಿಂದೆಯೇ ಹೊರಟೆ. ಬೀದಿ ದಾಟುವಾಗ ಮೂವರ ತಲೆಯ ಮೇಲೂ ಬೂದಿ ಇಳಿಯಿತು. ರೋಸಾ ಬಾಗಿಲು ತೆರೆದು ಹೊರಗೆ ಬಂದು ನಿಂತಳು. ನಡುವೆ ಆ ಕಾಲದ ದೂರವಿತ್ತು. ಅತ್ತೆ ಸೆರಗು ಹೊದ್ದು ಕೈ ಜೋಡಿಸಿದರು.

"ಹೇಳು, ಕರದಾಕಿ ನಾನು," ಎಂದರು. "ಕೂಸಿಗೆ ಏನೂ ತಿಳಿಯೂದಿಲ್ಲ. ಹೊರಿಸಿದಾಕಿ ನಾನು. ನಿಮ್ಮ ಮನಿ ಹೋಗಿದ್ದು ನನ್ನಿಂದ."

ಸಿರಿ ಅಜ್ಜಿಯ ಮುಖ ನೋಡಿದಳು. ಆಮೇಲೆ ರೋಸಾಳಿಗೆ ಇಂಗ್ಲಿಷಿನಲ್ಲಿ ಹೇಳಿದಳು, "ನಮ್ಮ ಅಜ್ಜಿ ಹೇಳ್ತಾರೆ, ಕರೆದದ್ದು ಅವರಂತೆ. ಆದರೆ ನಾನೂ ಇದ್ದೆ. ಹೊತ್ತವಳು ನಾನು. ಹಾಡಿದವಳೂ ನಾನು." ಬಣ್ಣ ಹಚ್ಚುವುದರಲ್ಲಿ ತಾಯಿಗೆ ತಕ್ಕ ಮಗಳೇ.

ರೋಸಾ ನಗಲಿಲ್ಲ. ಇದನ್ನು ನಾನು ಎಂದೂ ಮರೆಯುವುದಿಲ್ಲ. ಮೆಟ್ಟಿಲಿನ ಮೇಲೆ ಕೂತಳು, ಮಗುವಿನ ಎತ್ತರಕ್ಕೆ ಇಳಿದಳು.

"ಹಾಗಾದರೆ ನನ್ನನ್ನೂ ಸೇರಿಸಿಕೊಳ್ಳಿ," ಎಂದಳು. "ಬಕೆಟ್ಟು ನೀರು ಸುರಿದವಳು ನಾನು. ಈ ಬೀದಿಯಲ್ಲಿ ನನ್ನಷ್ಟು ನೀರು ಯಾರೂ ಸುರಿಯಲಿಲ್ಲ."

ಸಿರಿ ಅದನ್ನು ಕನ್ನಡಕ್ಕೆ ತರಬೇಕಾಯಿತು. ತಡವರಿಸಿದಳು, ಮಾತು ಹುಡುಕಿದಳು. "ಅಜ್ಜಿ, ರೋಸಾ... ರೋಸಾನೂ ಮಾಡ್ಯಾಳಂತ. ನೀರು ಹಾಕ್ಯಾಳಂತ," ಎಂದಳು. ಅವಳ ಬಾಯಿಂದ ಒಂದು ಪೂರ್ತಿ ಕನ್ನಡದ ಮಾತು ಬಂದದ್ದನ್ನು ಆ ಹೊತ್ತಿನಲ್ಲಿ ನನ್ನ ಹೊರತು ಯಾರೂ ಗಮನಿಸಲಿಲ್ಲ. ಅದೂ ರೋಣದ ಕನ್ನಡ.

"ಮಿಂಚು ಯಾರ ಮಾತೂ ಕೇಳಿ ಬರೋದಿಲ್ಲ," ಎಂದಳು ರೋಸಾ. "ಅಜ್ಜಿಗೆ ಹೇಳು, ಕೇಳಿದ್ದು ತಪ್ಪಲ್ಲ. ಕಾಲ ತಪ್ಪು. ಈ ಗುಡ್ಡ ಸತ್ತಿಲ್ಲ, ಮಲಗಿದೆ. ಬೇಸಿಗೆಯಲ್ಲಿ ಇದನ್ನು ಎಬ್ಬಿಸಬಾರದು. ನವೆಂಬರಿನಲ್ಲಿ ಬನ್ನಿ, ಎಲ್ಲರೂ ಸೇರಿ ಕೇಳೋಣ."

ಅತ್ತೆ ಗುಡ್ಡ ಇದ್ದ ಕಡೆ ನೋಡಿದರು. ಕಿತ್ತಳೆ ಮಂಜಿನಲ್ಲಿ ಗುಡ್ಡ ಕಾಣುತ್ತಿರಲಿಲ್ಲ. "ಮಲಗೇತೇನು," ಎಂದರು ತಮ್ಮಷ್ಟಕ್ಕೆ. "ನಾ ಸತ್ತೈತಿ ಅಂತ ತಿಳದಿದ್ದೆ." ಅವರಿಗೆ ಅಳು ಬಂತು. ರೋಸಾಳಿಗೂ ಬಂತು. ಮುಟ್ಟಬಾರದೆಂಬ ನಿಯಮವಿದ್ದುದರಿಂದ ಇಬ್ಬರು ಮುದುಕಿಯರು ಅಷ್ಟು ದೂರದಲ್ಲೇ ನಿಂತು ಅತ್ತರು.

ಆ ಚಳಿಗಾಲದಲ್ಲಿ ಅತ್ತೆಗೆ ವಿಮಾನ ಸಿಕ್ಕಿತು. ಸಿರಿ ಮತ್ತೆ ಹಿತ್ತಲಿಗೆ ಹೋಗತೊಡಗಿದಳು. ಎಲ್ಲ ಸರಿಯಾಯಿತು ಎಂದು ನಾವು ಅಂದುಕೊಂಡೆವು. ಆದರೆ ಹುಟ್ಟುಹಬ್ಬದ ಕೇಕಿನ ಮುಂದೆ ಇಲ್ಲಿಯ ಮಕ್ಕಳು ಮನಸ್ಸಿನಲ್ಲಿ ಏನಾದರೊಂದು ಬೇಡಿಕೊಂಡು ಮೇಣದ ಬತ್ತಿ ಆರಿಸುತ್ತಾರೆ. ಸಿರಿ ಸುಮ್ಮನೆ ಊದಿಬಿಟ್ಟಳು. ಏನು ಬೇಡಿಕೊಂಡೆ ಎಂದು ಗೆಳತಿಯರು ಕೇಳಿದರೆ, "ಐ ಡೋಂಟ್ ಡು ದಟ್," ಎಂದಳು. ಹಬ್ಬಕ್ಕೆ ದೇವರ ಮುಂದೆ ನಿಲ್ಲಿಸಿದರೆ ಕೈ ಮುಗಿಯುತ್ತಿದ್ದಳು, ತುಟಿ ಅಲುಗುತ್ತಿರಲಿಲ್ಲ. ನನ್ನ ಮಗಳು ಈ ಜಗತ್ತನ್ನು ಏನೂ ಕೇಳದೆ ಬದುಕಲು ತೀರ್ಮಾನಿಸಿದ್ದಳು. ಅದನ್ನು ನೋಡುವುದು ನನಗೆ ಆ ಹೊಗೆಗಿಂತ ಕಷ್ಟವಾಗಿತ್ತು. ಈ ದೇಶದಲ್ಲಿ ಅವಳಿಗೆ ಏನೇನು ಕೊಡಬೇಕೆಂದು ನಾವು ಬಂದೆವೋ, ಅದಕ್ಕೆಲ್ಲ ಅವಳು ಮೊದಲು ಆಸೆಪಡಬೇಕಲ್ಲ.

ಮರುವರ್ಷ ನಿಜವಾದ ಬರ ಬಂತು. ಇಲ್ಲಿಯವರೂ ಒಪ್ಪಿಕೊಂಡ ಬರ. ದೀಪಾವಳಿ ಹತ್ತಿರ ಬಂದಾಗ ಸುದ್ದಿಯವರು ಒಂದು ಹೊಸ ಮಾತು ಆಡತೊಡಗಿದರು, ಅಟ್ಮಾಸ್ಫಿಯರಿಕ್ ರಿವರು. ಸಮುದ್ರದಿಂದ ಎದ್ದು ಆಕಾಶದಲ್ಲೇ ಉದ್ದಕ್ಕೆ ಹರಿದು ಬರುವ ನೀರಿನ ಹೊಳೆ. ಒಂದು ಭಾನುವಾರ ಆ ಹೊಳೆ ನಮ್ಮ ಮೇಲೆ ಬಂತು. ಬೆಳಗಿನಿಂದ ಸುರಿಯಿತು. ಗುಡುಗಿಲ್ಲ, ಮಿಂಚಿಲ್ಲ, ಒಂದೇ ಸಮನೆ ಸುರಿಯುವ, ಯೋಚನೆಗಳನ್ನೆಲ್ಲ ಕರಗಿಸುವ ಮಳೆ. ರೋಸಾ ಛತ್ರಿಯಿಲ್ಲದೆ ಅಂಗಳದಲ್ಲಿ ನಿಂತು ನಮಗೆ ಕೈ ಬೀಸಿದಳು. ಅವಳ ತಮ್ಮ ಮೇಲೆ ಹೊಸ ಮನೆಯ ಅಡಿಪಾಯ ಹಾಕಿಸುತ್ತಿದ್ದ.

ಸಂಜೆ ಅತ್ತೆಯ ಫೋನು ಬಂತು, ಅಲ್ಲಿ ಸೋಮವಾರದ ಬೆಳಗು. ಸಿರಿ ಫೋನನ್ನು ಹಿತ್ತಲ ಬಾಗಿಲಿನಿಂದ ಹೊರಗೆ ಚಾಚಿ ಮಳೆ ತೋರಿಸಿದಳು. ಅತ್ತೆಯ ಮುಖ ಅರಳಿತು, ಹಾಗೇ ಬಾಡಿತು.

"ನಿಮಗ ಚೊಲೋ ಆತು ಬಿಡು," ಎಂದರು. "ಇಲ್ಲೆ ಬ್ಯಾಡ ಅಂದ್ರೂ ಹೊಡ್ಯಾಕತ್ತೈತಿ. ಉಳ್ಳಾಗಡ್ಡಿ ಕಿತ್ತು ಹೊಲದಾಗ ಒಣಗಾಕ ಹಾಕೇವಿ, ಎಲ್ಲಾ ಕೊಳಿತಾವು." ಫೋನು ತಿರುಗಿಸಿದರು. ಕರಿ ನೆಲ, ಅದರ ಮೇಲೆ ನೀಲಿ ತಾಡಪತ್ರಿ, ಅದರ ಮೇಲೆ ನಿಂತ ನೀರು. ಭಾವ ಕೊಡೆ ಹಿಡಿದು ಸುಮ್ಮನೆ ನಿಂತಿದ್ದರು. ಆಮೇಲೆ ಅತ್ತೆಯ ಮುಖ ಮತ್ತೆ ಬಂತು, ತೀರಾ ಹತ್ತಿರಕ್ಕೆ. "ಕೂಸ, ನೀ ಒಂದ ಮಾತ ಕೇಳು. ರೋಣದಾಗ ಸಾಕು ಅಂತ ಕೇಳು."

ಸಿರಿಯ ಕೈ ಗಟ್ಟಿಯಾದದ್ದು ನನಗೆ ಕಂಡಿತು. ಬೇಡ ಎಂದು ನಾನೇ ಬಾಯಿ ಹಾಕಬೇಕೆಂದಿದ್ದೆ. ಅಷ್ಟರಲ್ಲಿ ಅಲ್ಲಿ ಕರೆಂಟು ಹೋಯಿತೋ ಏನೋ, ಪರದೆ ನಿಂತುಹೋಯಿತು.

ಸಿರಿ ಫೋನು ಕೆಳಗಿಟ್ಟು ಹೊಸ್ತಿಲ ಮೇಲೆ ನಿಂತಳು. ಮಳೆ ಅವಳ ಕಾಲ ಬೆರಳವರೆಗೆ ಸಿಡಿಯುತ್ತಿತ್ತು.

"ಅಮ್ಮಾ, ಇಲ್ಲಿ ಬೇಕು, ಅಲ್ಲಿ ಬೇಡ," ಎಂದಳು. "ಒಬ್ಬರೇ ಎರಡೂ ಕೇಳ್ಬಹುದಾ? ಈಸ್ ದಟ್ ಅಲೌಡ್?"

"ಕೇಳಬಹುದು," ಎಂದೆ. "ನಾ ದಿನಾ ಅದನ್ನ ಮಾಡ್ತೇನಿ."

ಅವಳು ನನ್ನನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಅಂಗಳಕ್ಕಿಳಿದು ಮುಖ ಮೇಲೆತ್ತಿದಳು. ತುಟಿ ಅಲುಗಿತು. ಏನು ಕೇಳಿದಳೋ, ಯಾವ ಭಾಷೆಯಲ್ಲಿ ಕೇಳಿದಳೋ, ಮಳೆಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಒದ್ದೆಯಾಗಿ ಬಂದು ನನ್ನ ಪಕ್ಕದಲ್ಲಿ ಕೂತಳು. ಇಲ್ಲಿ ಮಳೆ ಸುರಿಯುತ್ತಲೇ ಇತ್ತು. ಅಲ್ಲಿ ನಿಂತಿತೋ ಇಲ್ಲವೋ ತಿಳಿಯಲು ನಾವಿಬ್ಬರೂ ಫೋನಿನ ಕಡೆ ನೋಡುತ್ತ ಕೂತೆವು.